ಇದಲ್ಲ

ಮೈನಸ್ ಇಪ್ಪತ್ತೊಂಬತ್ತು. ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ
ಮೂರನೇ ಮಹಡಿಯ ಕಿಟಕಿಗೂ ಮೂಗು ಒತ್ತಿ ನಿಂತಿದೆ.
ಸಾರಂಗೆರೆಲ್ ತನ್ನ ಕಂಪ್ಯೂಟರನ್ನು
ಉಣ್ಣೆಯ ಕಂಬಳಿಯಲ್ಲಿ ಸುತ್ತಿ ತಂದಿದ್ದಾಳೆ, ಹಸುಗೂಸಿನ ಹಾಗೆ.
'ಉಸಿರಾಡುತ್ತದೆ, ಕಣ್ಣು ಬಿಡುವುದಿಲ್ಲ' ಎಂದಳು.

ಒಂದು ಗಂಟೆ ಮುಟ್ಟಲಿಲ್ಲ ನಾನು.
ಹೊರಗಿನ ಚಳಿಯಿಂದ ಒಳಗಿನ ಬಿಸಿಗೆ ಬಂದರೆ ಲೋಹವೂ ಬೆವರುತ್ತದೆ;
ಬೆವರು ಆರುವ ಮೊದಲೇ ಕರೆಂಟು ಕೊಟ್ಟವರನ್ನು ಕಂಡಿದ್ದೇನೆ.

ಗೋಬಿಯಿಂದೇಳುವ ಧೂಳಿನ ಲೆಕ್ಕ ಅವಳದು.
ಯಾವ ಮರಳು, ಯಾವ ಗಾಳಿಗೆ, ಯಾವ ಊರಿನ ಮೇಲೆ.
ಅದಕ್ಕೆ ಎಷ್ಟು ಮೆಮರಿ ಇದ್ದರೂ ಸಾಲದು.
ಬೇಸಗೆಯಲ್ಲಿ ಎರಡು ಕಡ್ಡಿ ಕೊಂಡಳು, ಓಡಿದವು.
ಈಗ ಇನ್ನೆರಡು. ಅದೇ ಕಂಪನಿ, ಅದೇ ಚೀಟಿ,
ಅದೇ ಆರು ಸಾವಿರದ ವೇಗ. ಬೆಲೆ ಮಾತ್ರ ಒಂದೂವರೆ ಪಟ್ಟು.

ನನ್ನ ಹೆಸರು ಎನೆಬಿಶ್.
ನಮ್ಮ ಮಾತಿನಲ್ಲಿ ಅದಕ್ಕೆ 'ಇದಲ್ಲ' ಎಂದರ್ಥ.
ನನಗಿಂತ ಮೊದಲು ಎರಡು ಹೆತ್ತು ಎರಡನ್ನೂ ಮಣ್ಣಿಗಿಟ್ಟ ಅವ್ವ
ಮೂರನೆಯದನ್ನು ಹುಡುಕಿ ಬರುವ ಕೇಡಿಗೆ
ಬಾಗಿಲಲ್ಲೇ ಹೇಳಿಟ್ಟಳು: ಇದಲ್ಲ, ಮುಂದೆ ಹೋಗು.
ಕೂಸನ್ನು ತಿಪ್ಪೆಗೆ ಹಾಕಿ, ಯಾರದೋ ಎಂಬಂತೆ ಎತ್ತಿಕೊಂಡ ಹಾಗೆ.
ನಲವತ್ತಮೂರು ವರ್ಷವಾಯಿತು.
ಕೇಡು ನಂಬಿದೆ, ಇನ್ನೂ.

ಒಂದೊಂದೇ ಕಡ್ಡಿ ಇಟ್ಟು ನೋಡಿದೆ.
ಮೊದಲನೆಯದಕ್ಕೆ ರಾತ್ರಿಯಿಡೀ ಪರೀಕ್ಷೆ. ತಪ್ಪು: ಸೊನ್ನೆ.
ಬೆಳಿಗ್ಗೆ ಫೋನಿನಲ್ಲಿ ಅವಳು: 'ಕೆಟ್ಟದ್ದು ಅದೇನಾ?'
'ಇದಲ್ಲ.'
'ನಿಮ್ಮ ಹೆಸರು ಗೊತ್ತು ನನಗೆ. ಕಡ್ಡಿಯ ಸಂಗತಿ ಹೇಳಿ.'

ಎರಡನೆಯದೂ ಅಲ್ಲ. ಮೂರನೆಯದೂ. ನಾಲ್ಕನೆಯದೂ.
ಹಳೆಯ ಜೋಡಿ ಕಟ್ಟಿದೆ, ಓಡಿತು. ಹೊಸ ಜೋಡಿಯೂ.
ನಾಲ್ಕನ್ನೂ ಒಂದೇ ನೊಗಕ್ಕೆ ಹೂಡಿದೆನೋ,
ಒಂದು ಏರಿಗೆ, ಒಂದು ನೀರಿಗೆ;
ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ
ಹಳದಿ ದೀಪವೊಂದು ರೆಪ್ಪೆ ಬಡಿಯದೆ ನಿಂತಿತು.

ಭೂತಗನ್ನಡಿ ಹಿಡಿದೆ. ಚೀಟಿಯ ತುದಿಯಲ್ಲಿ
ಇರುವೆ ಗೀಚಿದಂಥ ಒಂದಕ್ಷರ ಬೇರೆ.
ಹೆಸರು ಒಂದೇ, ಒಳಗಿನ ಚಿಪ್ ಬೇರೆ ಕಾರ್ಖಾನೆಯದು.
ಬೋರ್ಡಿನವರು ಒಪ್ಪಿದ ಕಡ್ಡಿಗಳ ಪಟ್ಟಿ ತೆರೆದೆ:
ಹಳೆಯದಿದೆ, ಹೊಸದಿಲ್ಲ;
'ನಾಲ್ಕು ಒಟ್ಟಿಗೆ' ಎಂಬ ಕಡೆ ಬರೀ ಒಂದು ಅಡ್ಡಗೆರೆ.
ವಾಪಸು ಕೊಡು ಎನ್ನಬಹುದಿತ್ತು.
ಅವಳು ಕೊಂಡ ಅಂಗಡಿಯಲ್ಲಿ ಈಗ ಬೂಟು ಮಾರುತ್ತಾರೆ.

ವೇಗ ಇಳಿಸಿದೆ. ಐದು ಸಾವಿರದ ಇನ್ನೂರು: ಏಳಲಿಲ್ಲ.
ನಾಲ್ಕು ಸಾವಿರದ ಎಂಟುನೂರು: ಎದ್ದು, ತಪ್ಪೆಣಿಸಿ, ಬಿತ್ತು.
ಮೂರು ಸಾವಿರದ ಆರುನೂರಕ್ಕಿಳಿಸಿ ಸ್ವಿಚ್ಚೊತ್ತಿ
ಕೈ ಕಟ್ಟಿ ಕೂತೆ.
ಮೊದಲ ಸಲ ಬೋರ್ಡು ಕತ್ತಲಲ್ಲೇ ಕಲಿಯಬೇಕು,
ಯಾವ ಕಡ್ಡಿ ಎಷ್ಟು ತಡವಾಗಿ ಓಗೊಡುತ್ತದೆಂದು.
ಜನ ಸೋಲುವುದು ಇಲ್ಲೇ,
ಎರಡು ನಿಮಿಷಕ್ಕೆ 'ಸತ್ತಿತು' ಎಂದು ವೈರು ಕಿತ್ತು.

ಮೂಲೆಯಲ್ಲಿ ಕೂತ ಅವ್ವ ಫ್ಲಾಸ್ಕಿನಿಂದ
ಉಪ್ಪು ಹಾಕಿದ ಹಾಲು ಚಹಾ ಬಗ್ಗಿಸಿದಳು.
'ಇನ್ನೂ ಇದೆಯೇನೇ?' ಎಂದು ಕೇಳಿದಳು, ಯಂತ್ರದ ಕಡೆ ನೋಡದೆ.
ಬಟ್ಟಲಿನ ಮೇಲೆ ಕೆನೆ ಕಟ್ಟಿತು.
ಹನ್ನೊಂದನೇ ನಿಮಿಷಕ್ಕೆ ಹಳದಿ ಆರಿ,
ಫ್ಯಾನುಗಳು ದನಿ ತಗ್ಗಿಸಿ,
ಪರದೆಯ ಮೇಲೆ ನೂರ ತೊಂಬತ್ತೆರಡು.

'ನಿಧಾನವಾಯಿತಲ್ಲ' ಎಂದಳು ಸಾರಂಗೆರೆಲ್, 'ಧೂಳು ಕಾಯುತ್ತದೆಯೇ?'
ಕಾಯುವುದಿಲ್ಲ ಎಂದೆ.
ಕಂಬಳಿಯ ಒಂದು ತುದಿ ಅವಳು ಹಿಡಿದಳು, ಒಂದು ನಾನು.

ನಮ್ಮ ಬಿಲ್ಲಿನಲ್ಲಿ 'ದೋಷ ಯಾವುದರದ್ದು' ಎಂಬ ಸಾಲೊಂದಿದೆ.
ಅದನ್ನು ಖಾಲಿ ಬಿಟ್ಟು
ಕೆಳಗೆ ಸಹಿ ಹಾಕಿದೆ.